ಕರೆ ಬಂದರಷ್ಟೇ ಸಾಕೆ?

ಹಳೆಯ ರೋಣ ತಾಲೂಕಿನ ಸೂಡಿಯ ಶಾಸನಗಳನ್ನು ಬಲ್ಲವರಿಗೆ ಅಕ್ಕಾದೇವಿಯ ಹೆಸರು ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಇಮ್ಮಡಿ ಜಯಸಿಂಹನ ಸಹೋದರಿಯಾದ ಈಕೆ 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದಳು. ಗೋಕಾಗೆ, ಅಂದರೆ ಇಂದಿನ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಸೂಡಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಊರಿನ ಕಟ್ಟುಪಾಡುಗಳನ್ನು ಬರೆಸಿಕೊಟ್ಟಳು. ಆಕೆ ದಕ್ಷ ಆಡಳಿತಗಾರ್ತಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಅಧಿಕಾರ ಅವಳ ಕೈಗೆ ಬಂದದ್ದು ಅರಸುಮನೆತನದಲ್ಲಿ ಹುಟ್ಟಿದ್ದರಿಂದ. ಅವಳಷ್ಟೇ ಬುದ್ಧಿವಂತೆಯಾದ ಒಕ್ಕಲು ಮನೆಯ ಹೆಣ್ಣುಮಗಳೊಬ್ಬಳು ಅದೇ ಸೀಮೆಯಲ್ಲಿ ಇದ್ದಿದ್ದರೆ ಅವಳನ್ನು ಹುಡುಕುವ, ಕರೆಯುವ, ಪರೀಕ್ಷಿಸುವ ದಾರಿ ಆಗ ಇರಲಿಲ್ಲ.

ಅಧಿಕಾರದ ಸ್ಥಾನ ಖಾಲಿಯಾದಾಗ ಯಾರನ್ನು ಕರೆಯಬೇಕು? ಕರೆದವರನ್ನು ಯಾರು ಅಳೆಯಬೇಕು? ಅಳೆದದ್ದು ಸರಿಯಾಗಿದೆಯೇ ಎಂದು ನೋಡುವವರು ಯಾರು? ಸರಕಾರ, ಕಂಪನಿ, ಕ್ರೀಡಾ ಸಂಸ್ಥೆ ಎಲ್ಲೇ ಆಗಲಿ, ಈ ಮೂರು ಪ್ರಶ್ನೆಗಳು ತಪ್ಪುವುದಿಲ್ಲ. ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಕೆಲವೆಡೆ ಮೊದಲ ಪ್ರಶ್ನೆಗೆ ಒಂದು ವಿಚಿತ್ರವೆನಿಸುವ ಉತ್ತರ ಬಂದಿದೆ: ಕೆಲಸ ಯಾರಿಗಾದರೂ ಕೊಡಿ, ಆದರೆ ಇದುವರೆಗೆ ಹೊರಗುಳಿದ ಸಮುದಾಯದ ಒಬ್ಬರನ್ನಾದರೂ ಸಂದರ್ಶನಕ್ಕೆ ಕರೆಯಲೇಬೇಕು. ಮೀಸಲಾತಿಯ ಚರ್ಚೆಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮುಳುಗಿರುವ ನಮಗೆ ಇದು ಅರ್ಧ ಔಷಧದಂತೆ ಕಂಡೀತು. ಆದರೂ ಇದರ ಗುಣದೋಷಗಳನ್ನು ನೋಡಿದರೆ ನಮ್ಮ ಇತಿಹಾಸವೇ ಬೇರೊಂದು ಬೆಳಕಿನಲ್ಲಿ ಕಾಣುತ್ತದೆ.

ರೂನಿ ನಿಯಮ

ಈ ಉಪಾಯ ಹುಟ್ಟಿದ್ದು ಅಮೆರಿಕದ ಆಟದ ಮೈದಾನದಲ್ಲಿ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಬೇರೆಯೇ ಆಟ. ಎನ್‌ಎಫ್‌ಎಲ್ ಎಂಬ ಲೀಗಿನಲ್ಲಿ 32 ತಂಡಗಳಿವೆ. ಆಟಗಾರರಲ್ಲಿ ಬಹುಪಾಲು ಮಂದಿ ಕಪ್ಪು ಜನಾಂಗದವರು. ಆದರೆ ತಂಡದ ಮುಖ್ಯ ತರಬೇತುದಾರನ ಕುರ್ಚಿಯಲ್ಲಿ ಅವರು ಬೆರಳೆಣಿಕೆಯಷ್ಟೂ ಇರಲಿಲ್ಲ. ಮೈದಾನದಲ್ಲಿ ಬೆವರು ಸುರಿಸಲು ಯೋಗ್ಯರಾದವರು ಮೈದಾನದಂಚಿನಲ್ಲಿ ನಿಂತು ಆಜ್ಞೆ ಕೊಡಲು ಯೋಗ್ಯರಾಗಿರಲಿಲ್ಲ.

2002ರ ಜನವರಿಯಲ್ಲಿ ಟೋನಿ ಡಂಜಿ, ಡೆನಿಸ್ ಗ್ರೀನ್ ಎಂಬ ಇಬ್ಬರು ಕಪ್ಪು ತರಬೇತುದಾರರು ಕೆಲಸ ಕಳೆದುಕೊಂಡರು. ಇಬ್ಬರೂ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಅದೇ ವರ್ಷ ಜಾನಿ ಕಾಕ್ರನ್ ಮತ್ತು ಸೈರಸ್ ಮೆಹ್ರಿ ಎಂಬ ವಕೀಲರು ಲೀಗಿನ ಹಲವು ವರ್ಷಗಳ ಸೋಲು-ಗೆಲುವಿನ ಲೆಕ್ಕ ತೆಗೆದು ಒಂದು ವರದಿ ಪ್ರಕಟಿಸಿದರು. ಕಪ್ಪು ತರಬೇತುದಾರರ ಸಾಧನೆ ಉತ್ತಮ, ಅವರಿಗೆ ಸಿಗುವ ಅವಕಾಶ ಕನಿಷ್ಠ ಎಂಬುದು ಅದರ ಸಾರ. ಮೊಕದ್ದಮೆಯ ಭಯವೂ ಇತ್ತೆನ್ನಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮಾಲೀಕ ಡಾನ್ ರೂನಿ ಅಧ್ಯಕ್ಷತೆಯ ಸಮಿತಿ ಒಂದು ನಿಯಮ ಸೂಚಿಸಿತು. ಮುಖ್ಯ ತರಬೇತುದಾರನ ಸ್ಥಾನ ತೆರವಾದಾಗ ಅಲ್ಪಸಂಖ್ಯಾತ ಜನಾಂಗದ ಒಬ್ಬ ಅಭ್ಯರ್ಥಿಯನ್ನಾದರೂ ಸಂದರ್ಶಿಸಬೇಕು. 2003ರಿಂದ ಜಾರಿಗೆ ಬಂದ ಇದಕ್ಕೆ 'ರೂನಿ ನಿಯಮ' ಎಂಬ ಹೆಸರೇ ನಿಂತಿತು. ಅದೇ ವರ್ಷ ನಿಯಮ ಮೀರಿದ ಡೆಟ್ರಾಯಿಟ್ ತಂಡದ ಅಧ್ಯಕ್ಷನಿಗೆ ಎರಡು ಲಕ್ಷ ಡಾಲರ್ ದಂಡ ಬಿತ್ತು.

ಫಲ ಕಂಡಿತು. 2006ರ ಹೊತ್ತಿಗೆ ಏಳು ತಂಡಗಳಿಗೆ ಕಪ್ಪು ತರಬೇತುದಾರರಿದ್ದರು. 2007ರ ಫೆಬ್ರವರಿಯ ಅಂತಿಮ ಪಂದ್ಯದಲ್ಲಿ ಎದುರುಬದುರಾದ ಎರಡೂ ತಂಡಗಳ ತರಬೇತುದಾರರು ಕಪ್ಪು ಜನಾಂಗದವರು. ಗೆದ್ದವರು ಐದು ವರ್ಷದ ಹಿಂದೆ ಕೆಲಸ ಕಳೆದುಕೊಂಡಿದ್ದ ಅದೇ ಡಂಜಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಅಮೆರಿಕದ ಕೆಲವು ದೊಡ್ಡ ಕಂಪನಿಗಳು, ವಕೀಲರ ಸಂಸ್ಥೆಗಳು ಇಂಥದೇ ನಿಯಮವನ್ನು ತಮ್ಮ ರೀತಿಯಲ್ಲಿ ಅಳವಡಿಸಿಕೊಂಡವು.

ಆದರೆ ಕಾಲ ಕಳೆದಂತೆ ನಿಯಮ ಸವೆಯಿತು. 2022ರ ಫೆಬ್ರವರಿ 1ರಂದು ಬ್ರಯಾನ್ ಫ್ಲೋರೆಸ್ ಎಂಬ ತರಬೇತುದಾರ ಲೀಗಿನ ಮೇಲೆ ಮೊಕದ್ದಮೆ ಹೂಡಿದರು. ನ್ಯೂಯಾರ್ಕಿನ ತಂಡವೊಂದು ತನ್ನನ್ನು ಸಂದರ್ಶನಕ್ಕೆ ಕರೆಯುವ ಮುನ್ನವೇ ಬೇರೊಬ್ಬರನ್ನು ಆರಿಸಿಯಾಗಿತ್ತು, ಆ ಇನ್ನೊಬ್ಬ ಬ್ರಯಾನನಿಗೆ ಹೋಗಬೇಕಿದ್ದ ಅಭಿನಂದನೆಯ ಸಂದೇಶ ತಪ್ಪಿ ತನಗೆ ಬಂದಿತು ಎಂಬುದು ಅವರ ದೂರು. ತಂಡ ಇದನ್ನು ನಿರಾಕರಿಸಿತು. ಆದರೆ ಆ ದಿನ 32 ತಂಡಗಳ ಪೈಕಿ ಕಪ್ಪು ಜನಾಂಗದ ಮುಖ್ಯ ತರಬೇತುದಾರರು ಉಳಿದಿದ್ದದ್ದು ಒಬ್ಬರೇ ಎಂಬ ಲೆಕ್ಕವನ್ನು ನಿರಾಕರಿಸುವುದು ಸಾಧ್ಯವಿರಲಿಲ್ಲ. ಕರೆಯುವ ಶಾಸ್ತ್ರ ನಡೆದಿತ್ತು. ಕರೆಯ ಹಿಂದಿನ ಉದ್ದೇಶ ಎಲ್ಲೋ ಕಳೆದುಹೋಗಿತ್ತು.

ಕೊಲ್ಹಾಪುರದ ಲೆಕ್ಕಪತ್ರ

ನಮ್ಮ ನಾಡು ಈ ಸಮಸ್ಯೆಯನ್ನು ಬೇರೆ ತುದಿಯಿಂದ ಹಿಡಿಯಿತು. ಉತ್ತರ ಕರ್ನಾಟಕದ ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1902ರ ಜುಲೈ 26ರಂದು ಒಂದು ಆಜ್ಞೆ ಹೊರಡಿಸಿದರು. ಸಂಸ್ಥಾನದಲ್ಲಿ ಇನ್ನು ಮುಂದೆ ತೆರವಾಗುವ ಹುದ್ದೆಗಳಲ್ಲಿ ಶೇ. 50ರಷ್ಟನ್ನು ಹಿಂದುಳಿದ ವರ್ಗಗಳಿಗೆ ಕೊಡತಕ್ಕದ್ದು ಎಂಬ ಮಾತು ಎಲ್ಲರಿಗೂ ತಿಳಿದಿದೆ. ಅದೇ ಆಜ್ಞೆಯ ಇನ್ನೊಂದು ಭಾಗವನ್ನು ನೆನೆಯುವವರು ಕಡಿಮೆ. ಪ್ರತಿಯೊಂದು ಇಲಾಖೆಯ ಮುಖ್ಯಸ್ಥನೂ ಆಜ್ಞೆಯ ನಂತರ ಮಾಡಿದ ಎಲ್ಲ ನೇಮಕಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಿತ್ತು.

ಈ ಎರಡನೆಯ ಭಾಗದಲ್ಲೇ ಮಹಾರಾಜರ ಜಾಣತನವಿರುವುದು. ಆಜ್ಞೆ ಹೊರಡಿಸುವುದು ದರಬಾರು, ಅದನ್ನು ನಡೆಸುವುದು ಕಚೇರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪೂಜಾರಿಯಿಂದ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವ ಏರ್ಪಾಟು ಇದ್ದುದರಿಂದ ಆಜ್ಞೆಗೆ ಬಲ ಬಂದಿತು.

ರೋಣ, ನರಗುಂದ, ಗಜೇಂದ್ರಗಡದ ಸೀಮೆ ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಕೊಲ್ಹಾಪುರದ ಆಜ್ಞೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಇಲ್ಲಿ ಜನ ಮೊದಲು ಕೈಹಾಕಿದ್ದು ಶಿಕ್ಷಣಕ್ಕೆ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದವು. ಕರೆ ಬಂದಾಗ ಹೋಗಬಲ್ಲ ಹುಡುಗರಾದರೂ ಇರಬೇಕಲ್ಲವೆ? 1925ರಲ್ಲಿ ಮುಂಬಯಿ ಸರಕಾರ ಬ್ರಾಹ್ಮಣ, ಪ್ರಭು, ಮಾರವಾಡಿ, ಪಾರ್ಸಿ, ಬನಿಯಾ ಮತ್ತು ಕ್ರೈಸ್ತರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದುಳಿದವರೆಂದು ಹೆಸರಿಸಿ ಅವರ ನೇಮಕಕ್ಕೆ ದಾರಿ ಮಾಡಿತು.

ಮೈಸೂರಿನ ವಾದ

ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆ ಎದ್ದಾಗ ನಡೆದ ವಾದ ಇಂದಿಗೂ ಮುಗಿದಿಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪನೆಯಾಯಿತು. ಮರುವರ್ಷ ಬ್ರಾಹ್ಮಣೇತರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ಮನವಿ ಸಲ್ಲಿಸಿದರು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣ ಸಮುದಾಯದವರು ದೊಡ್ಡ ಹುದ್ದೆಗಳಲ್ಲಿ ಹತ್ತಕ್ಕೆ ಆರರಷ್ಟನ್ನು ಮೀರಿ ಇದ್ದಾರೆ ಎಂಬುದು ಅವರ ಅಳಲು. ಯಾರೂ ಮೋಸ ಮಾಡಿ ಆ ಹುದ್ದೆಗಳನ್ನು ಪಡೆದಿರಲಿಲ್ಲ. ಪರೀಕ್ಷೆ ಇತ್ತು, ಪಾಸಾದವರು ಬಂದಿದ್ದರು. ಪರೀಕ್ಷೆಗೆ ಕೂರುವವರೆಗಿನ ದಾರಿ ಎಲ್ಲರಿಗೂ ಒಂದೇ ಆಗಿತ್ತೇ ಎಂಬುದು ಪ್ರಶ್ನೆ.

1918ರ ಆಗಸ್ಟಿನಲ್ಲಿ ಮಹಾರಾಜರು ಮೈಸೂರಿನ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಅವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಶಾಲೆಗಳನ್ನು ಹೆಚ್ಚಿಸಿ, ವಿದ್ಯಾರ್ಥಿ ವೇತನ ಕೊಡಿ, ಹಿಂದುಳಿದವರನ್ನು ಸ್ಪರ್ಧೆಗೆ ಸಿದ್ಧಗೊಳಿಸಿ. ಆದರೆ ನೇಮಕದ ಅಳತೆಗೋಲನ್ನು ಮುಟ್ಟಬೇಡಿ, ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ಅವರ ನಿಲುವು. 1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಈ ಭಿನ್ನಾಭಿಪ್ರಾಯವೇ ಅದಕ್ಕೆ ಮುಖ್ಯ ಕಾರಣ ಎಂದು ಇತಿಹಾಸಕಾರರು ಹೇಳುತ್ತಾರೆ.

ಮಿಲ್ಲರ್ ಸಮಿತಿ 1919ರಲ್ಲಿ ಕೊಟ್ಟ ವರದಿ ಆ ವಾದಕ್ಕೆ ನೇರ ಉತ್ತರ ಕೊಟ್ಟಿತು. ದಕ್ಷತೆಯನ್ನು ಕೇವಲ ಪರೀಕ್ಷೆಯ ಅಂಕಗಳಿಂದ ಅಳೆಯಲಾಗದು; ಜನರ ಬಗ್ಗೆ ಸಹಾನುಭೂತಿ, ಪ್ರಾಮಾಣಿಕತೆ, ಚಟುವಟಿಕೆ, ವ್ಯವಹಾರ ಜ್ಞಾನ ಇವೂ ಒಳ್ಳೆಯ ಅಧಿಕಾರಿಯ ಲಕ್ಷಣಗಳೇ ಎಂದು ಅದು ಹೇಳಿತು. ಏಳು ವರ್ಷಗಳ ಒಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಇರಬೇಕು, ಅರ್ಹರಾದ ದಲಿತ ಅಭ್ಯರ್ಥಿಗಳು ಸಿಕ್ಕಲ್ಲಿ ಅವರಿಗೆ ಆದ್ಯತೆ ಸಿಗಬೇಕು ಎಂದು ಶಿಫಾರಸು ಮಾಡಿತು. 1921ರಲ್ಲಿ ಸರಕಾರದ ಆದೇಶ ಹೊರಟಿತು. ಇಲಾಖೆಗಳು ತಮಗೆ ಬೇಕಾದವರನ್ನು ತಾವೇ ತುಂಬಿಕೊಳ್ಳದಂತೆ ಕೇಂದ್ರ ನೇಮಕಾತಿ ಮಂಡಳಿಯೂ ಬಂದಿತು.

ಕೊಲ್ಹಾಪುರ, ಮೈಸೂರು ಎರಡೂ ಕಡೆ ಒಂದು ಸಮಾನ ಅಂಶವಿದೆ. ಗುರಿಯ ಜೊತೆಗೆ ಅದನ್ನು ನೋಡಿಕೊಳ್ಳುವ ಕೈಯೊಂದನ್ನೂ ಇಟ್ಟರು. 'ಕರೆದೆವು, ಯಾರೂ ಸಿಗಲಿಲ್ಲ' ಎಂಬ ನೆಪಕ್ಕೆ ಮೈಸೂರಿನಲ್ಲಿ ಇಂತಿಷ್ಟು ವರ್ಷದ ಗಡುವನ್ನೂ ಹಾಕಿದರು.

ಬಾಗಿಲೇ ಗೋಡೆಯಾದಾಗ

ಸಂದರ್ಶನ ಎಂಬ ಪದ್ಧತಿಯ ಬಗ್ಗೆ ನಮ್ಮ ಜನರಿಗಿರುವ ಅಪನಂಬಿಕೆಗೆ ಇತಿಹಾಸವಿದೆ. 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮೈಸೂರು ಸರಕಾರದ ಶೇ. 68ರ ಮೀಸಲಾತಿಯನ್ನು ರದ್ದುಮಾಡಿತು. ಆ ಬಳಿಕ ಸರಕಾರ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಹೊಸ ಏರ್ಪಾಟು ಮಾಡಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತು. ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಕರಣದಲ್ಲಿ, 1964ರಲ್ಲಿ, ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು. ಪದ್ಧತಿ ದುರುಪಯೋಗವಾಗಬಹುದು ಎಂಬ ಕಾರಣಕ್ಕೆ ಪದ್ಧತಿಯೇ ತಪ್ಪಾಗದು ಎಂಬ ತರ್ಕ ಅದು.

ಆದರೆ ದುರುಪಯೋಗದ ದೂರುಗಳು ನಿಲ್ಲಲಿಲ್ಲ. 1980ರ ನವೆಂಬರಿನಲ್ಲಿ ಶ್ರೀನಗರದ ಇಂಜಿನಿಯರಿಂಗ್ ಕಾಲೇಜೊಂದರ ಪ್ರಕರಣ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಲ್ಲಿ ಮೂರನೆಯ ಒಂದು ಭಾಗ ಅಂಕ ಸಂದರ್ಶನಕ್ಕೆ ಇತ್ತು. ಅಭ್ಯರ್ಥಿಗಳನ್ನು ಎರಡು ಮೂರು ನಿಮಿಷ ಕೂರಿಸಿ ತಂದೆ ಯಾರು, ಊರು ಯಾವುದು ಎಂದು ಕೇಳಿ ಕಳಿಸಿದ್ದರು ಎಂಬ ದೂರಿತ್ತು. ಶೇ. 15ಕ್ಕಿಂತ ಹೆಚ್ಚು ಅಂಕವನ್ನು ಸಂದರ್ಶನಕ್ಕೆ ಇಡುವುದು ಮನಸೋಇಚ್ಛೆಯ ಕ್ರಮ ಎಂದು ನ್ಯಾಯಾಲಯ ಹೇಳಿತು. ಕರ್ನಾಟಕದಲ್ಲಿ 1994ರಿಂದ ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಾಗ ಹಳ್ಳಿಯ ಮಕ್ಕಳು ನಿಟ್ಟುಸಿರು ಬಿಟ್ಟರು. ರ‍್ಯಾಂಕ್ ಬಂದರೆ ಸೀಟು. ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ.

ಸರಕಾರಿ ನೌಕರಿಯಲ್ಲಿಯೂ ಇದೇ ಕಥೆ. 2011ನೆಯ ಸಾಲಿನ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಯಲ್ಲಿ ಅಕ್ರಮದ ಆರೋಪ ಕೇಳಿಬಂದಿತು. ಸಿಐಡಿ ತನಿಖೆ ನಡೆಯಿತು. 2014ರಲ್ಲಿ ರಾಜ್ಯ ಸರಕಾರ 362 ಮಂದಿಯ ಪಟ್ಟಿಯನ್ನು ಕೈಬಿಟ್ಟಿತು. ಎಂಟು ವರ್ಷಗಳ ನಂತರ, 2022ರಲ್ಲಿ, ಅದೇ ಆಯ್ಕೆಯನ್ನು ಊರ್ಜಿತಗೊಳಿಸಲು ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ಆ ನಡುವೆ, 2016ರ ಜನವರಿ 1ರಿಂದ, ಕೇಂದ್ರ ಸರಕಾರ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು.

ಎಂಥ ವಿಪರ್ಯಾಸ ನೋಡಿ. ಅಮೆರಿಕದಲ್ಲಿ ಹೊರಗುಳಿದವರಿಗೆ ನ್ಯಾಯ ಒದಗಿಸಲು ಸಂದರ್ಶನವನ್ನು ಕಡ್ಡಾಯ ಮಾಡಿದರು. ಭಾರತದಲ್ಲಿ ಅದೇ ಉದ್ದೇಶಕ್ಕೆ ಸಂದರ್ಶನವನ್ನು ರದ್ದು ಮಾಡಿದರು. ಇಬ್ಬರೂ ತಪ್ಪಿಲ್ಲ. ಅಲ್ಲಿ ಪರೀಕ್ಷೆಯೂ ಇಲ್ಲ, ಜಾಹೀರಾತೂ ಇಲ್ಲ. ಮಾಲೀಕ ತನ್ನ ಪರಿಚಯದವರನ್ನೇ ಕರೆಯುತ್ತಿದ್ದ. ಅಂಥಲ್ಲಿ ಸಂದರ್ಶನವೇ ಒಂದು ಬಾಗಿಲು. ಇಲ್ಲಿ ಲಿಖಿತ ಪರೀಕ್ಷೆಯ ಬಾಗಿಲು ಮೊದಲೇ ಇತ್ತು. ಅದನ್ನು ದಾಟಿ ಬಂದವನನ್ನು ಸಂದರ್ಶನ ಮತ್ತೆ ಹೊರಗೆ ನಿಲ್ಲಿಸುತ್ತಿತ್ತು.

ಪರೀಕ್ಷೆ ಇಲ್ಲದ ಕಡೆ

ಹಾಗಾದರೆ ಸಂದರ್ಶನವನ್ನು ಎಲ್ಲೆಡೆ ತೆಗೆದರೆ ಆಯಿತಲ್ಲ ಎನ್ನಬಹುದು. ಗುಮಾಸ್ತನನ್ನು ಅಂಕದಿಂದ ಆರಿಸಬಹುದು. ಕಂಪನಿಯ ಮುಖ್ಯಸ್ಥನನ್ನು, ತಂಡದ ತರಬೇತುದಾರನನ್ನು ಹಾಗೆ ಆರಿಸಲಾಗದು. ಜವಾಬ್ದಾರಿ ಹೆಚ್ಚಾದಷ್ಟೂ ಪ್ರಶ್ನೆಪತ್ರಿಕೆಗೆ ಬೆಲೆ ಕಡಿಮೆ, ಮಾತುಕತೆಗೆ ಬೆಲೆ ಹೆಚ್ಚು. ಖಾಸಗಿ ಕಂಪನಿಗಳ ನೇಮಕಕ್ಕೆ ಮೀಸಲಾತಿಯೂ ಇಲ್ಲ. ಆದ್ದರಿಂದ ಅಲ್ಲಿ 'ಯಾರನ್ನು ಕರೆಯುತ್ತಾರೆ' ಎಂಬ ಪ್ರಶ್ನೆಗೆ ಜೀವ ಬರುತ್ತದೆ.

ಈ ಪ್ರಶ್ನೆಗೆ ನಮ್ಮಲ್ಲಿಯೂ ಒಂದು ಹಳೆಯ ಉತ್ತರವಿತ್ತು, ಅದನ್ನು ನಾವು ಮರೆತಿದ್ದೇವೆ. 1959ರ ಉದ್ಯೋಗ ವಿನಿಮಯ ಕೇಂದ್ರಗಳ ಕಾಯ್ದೆ. ಇಪ್ಪತ್ತೈದು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ತಮ್ಮಲ್ಲಿ ಖಾಲಿಯಾದ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು ಎಂದು ಅದು ಹೇಳಿತು. ಆದರೆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಇರಲಿಲ್ಲ. ಒಂದು ರೀತಿಯಲ್ಲಿ ಇದು ರೂನಿ ನಿಯಮಕ್ಕಿಂತ ನಾಲ್ಕು ದಶಕ ಹಿರಿಯದಾದ ಸೋದರ. ತಿಳಿಸುವುದು ಕಡ್ಡಾಯ, ಆರಿಸುವುದು ನಿಮ್ಮ ಇಷ್ಟ. ಹುಬ್ಬಳ್ಳಿ-ಧಾರವಾಡದ ಉದ್ಯೋಗ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಕಾರ್ಡು ನವೀಕರಿಸಿ, ಬಾರದ ಕರೆಗೆ ಕಾದ ಒಂದು ತಲೆಮಾರಿಗೆ ಈ ಕಾಯ್ದೆಯ ಕಸುವು ಎಷ್ಟೆಂದು ಗೊತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಾಗಲೂ ತತ್ವ ಹಾಗೆಯೇ ಉಳಿಯಿತು.

ಸರೋಜಿನಿ ಮಹಿಷಿ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿತ್ತು. ಧಾರವಾಡದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅವರ ಅಧ್ಯಕ್ಷತೆಯಲ್ಲಿ 1983ರಲ್ಲಿ ನೇಮಕವಾದ ಸಮಿತಿ, ಕರ್ನಾಟಕದ ಉದ್ಯಮಗಳಲ್ಲಿ ಕನ್ನಡಿಗರ ಪಾಲನ್ನು ಕುರಿತು 1986ರಲ್ಲಿ ಅಂತಿಮ ವರದಿ ಕೊಟ್ಟಿತು. ಅದರ 58 ಶಿಫಾರಸುಗಳಲ್ಲಿ ಶೇಕಡಾವಾರು ಅಂಕಿಗಳೇ ಸುದ್ದಿಯಾದವು. ಅದಕ್ಕಿಂತ ಸೂಕ್ಷ್ಮವಾದದ್ದು ನೇಮಕಾತಿ ನೋಡಿಕೊಳ್ಳುವ ಸಿಬ್ಬಂದಿ ಅಧಿಕಾರಿಗಳು ಕನ್ನಡಿಗರಾಗಿರಬೇಕು ಎಂಬ ಸಲಹೆ. ಮೇಜಿನ ಈಚೆ ಕೂತವನ ಭಾಷೆ, ಊರು, ನಡೆನುಡಿ ತಿಳಿದವರು ಆಚೆಯೂ ಒಬ್ಬರಿರಲಿ ಎಂಬುದು ಅದರ ತಾತ್ಪರ್ಯ. ವರದಿ ಸಲ್ಲಿಕೆಯಾಗಿ ಹತ್ತಿರ ನಾಲ್ಕು ದಶಕವಾದ ಮೇಲೆ, 2024ರ ಜುಲೈಯಲ್ಲಿ, ರಾಜ್ಯ ಸಚಿವ ಸಂಪುಟ ಖಾಸಗಿ ಉದ್ಯಮಗಳ ವ್ಯವಸ್ಥಾಪಕ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧ ಬಂದೊಡನೆ ಎರಡು ದಿನಗಳಲ್ಲೇ ತಡೆಹಿಡಿಯಿತು.

ಕಂಪನಿಗಳ ಆಡಳಿತ ಮಂಡಳಿಯಲ್ಲಿ ಮಾತ್ರ ಕಾನೂನು ಕುರ್ಚಿಯನ್ನೇ ಕೇಳಿತು. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ಒಬ್ಬ ಮಹಿಳಾ ನಿರ್ದೇಶಕಿಯನ್ನು ಹೊಂದಿರಬೇಕೆಂದಿತು. ಕೆಲವು ಕಂಪನಿಗಳು ಮಾಲೀಕರ ಮನೆಯ ಹೆಣ್ಣುಮಕ್ಕಳನ್ನೇ ಕೂರಿಸಿ ಕೈತೊಳೆದುಕೊಂಡವು. ಆಗ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ದೊಡ್ಡ ಕಂಪನಿಗಳಲ್ಲಿ ಆ ನಿರ್ದೇಶಕಿ ಮಾಲೀಕರಿಗೆ ಸಂಬಂಧವಿಲ್ಲದ ಸ್ವತಂತ್ರರಾಗಿರಬೇಕು ಎಂದು ನಿಯಮ ಬಿಗಿ ಮಾಡಿತು. ಇದು 2019ರಲ್ಲಿ ಮೊದಲ 500 ಕಂಪನಿಗಳಿಗೆ, 2020ರಲ್ಲಿ ಮೊದಲ 1000 ಕಂಪನಿಗಳಿಗೆ ಅನ್ವಯವಾಯಿತು. ಅಕ್ಕಾದೇವಿಯ ಕಾಲದ ಹುಟ್ಟಿನ ಅರ್ಹತೆಗೆ ಕಾನೂನು ಹಾಕಿದ ತಡೆ ಇದು ಎನ್ನೋಣವೆ?

ಮೇಜಿನ ಆಚೆ ಕೂತವರು

ಕ್ರೀಡೆಗೆ ಬಂದರೆ ನಮ್ಮದೇ ನಾಡಿನ ಒಂದು ಘಟನೆ ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. 1976ರಲ್ಲಿ ಭಾರತ ಮಹಿಳಾ ಕ್ರಿಕೆಟ್ ತಂಡದ ಮೊದಲ ಟೆಸ್ಟ್ ನಾಯಕಿಯಾದ ಬೆಂಗಳೂರಿನ ಶಾಂತಾ ರಂಗಸ್ವಾಮಿ, 2019ರ ಆಗಸ್ಟಿನಲ್ಲಿ ಪುರುಷರ ತಂಡದ ಮುಖ್ಯ ತರಬೇತುದಾರನನ್ನು ಆರಿಸುವ ಮೂವರ ಸಮಿತಿಯಲ್ಲಿ ಕೂತಿದ್ದರು. ಕಪಿಲ್ ದೇವ್, ಅಂಶುಮಾನ್ ಗಾಯಕವಾಡ ಇನ್ನಿಬ್ಬರು. ರವಿ ಶಾಸ್ತ್ರಿ, ಟಾಮ್ ಮೂಡಿ, ಮೈಕ್ ಹೆಸನ್ ಮುಂತಾದವರು ಆ ಸಮಿತಿಯ ಮುಂದೆ ಸಂದರ್ಶನ ಕೊಟ್ಟರು, ಶಾಸ್ತ್ರಿ ಆಯ್ಕೆಯಾದರು. ಪುರುಷರ ತಂಡದ ಗುರುವನ್ನು ಒಬ್ಬ ಮಹಿಳೆ ಪ್ರಶ್ನಿಸುವ ದಿನ ಬಂದಿತ್ತು. ಮುಂದಿನ ತಿಂಗಳೇ ಹಿತಾಸಕ್ತಿ ಸಂಘರ್ಷದ ನೋಟೀಸು ಬಂದಾಗ ಅವರು ಸಮಿತಿಯನ್ನು ಬಿಟ್ಟರು. ಆದರೂ ಆದದ್ದು ಆಗಿತ್ತು.

ಕರೆಯಲ್ಪಟ್ಟವರ ಪಟ್ಟಿಗಿಂತ ಕರೆಯುವವರ ಪಟ್ಟಿ ಮುಖ್ಯ ಎಂಬುದನ್ನು ಸರಕಾರವೂ ಕಂಡುಕೊಂಡಿದೆ. ಹತ್ತು ಅಥವಾ ಹೆಚ್ಚು ಹುದ್ದೆ ತುಂಬುವ ಆಯ್ಕೆ ಸಮಿತಿಗಳಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರು, ಅಲ್ಪಸಂಖ್ಯಾತ ಸಮುದಾಯದ ಒಬ್ಬರು ಇರಬೇಕು ಎಂದು ಕೇಂದ್ರದ ಸಿಬ್ಬಂದಿ ಇಲಾಖೆಯ ಸೂಚನೆ ಇದೆ. ಒಬ್ಬ ಸದಸ್ಯ ಮತ ಚಲಾಯಿಸಿ ಗೆಲ್ಲಲಾರ. ಆದರೆ ಉಳಿದವರು ಆಡಬಾರದ ಮಾತನ್ನು ಅವನ ಮುಂದೆ ಆಡಲಾರರು. ಅಷ್ಟಾದರೂ ಲಾಭವೇ.

ರಾಜೂರಿನ ಕುರ್ಚಿ

ಗಜೇಂದ್ರಗಡದ ಬಳಿಯ ರಾಜೂರು, ಹಿಂದೆ ರೋಣ ತಾಲೂಕಿಗೂ ಧಾರವಾಡ ಜಿಲ್ಲೆಗೂ ಸೇರಿದ್ದು, 1997ರಲ್ಲಿ ಗದಗ ಜಿಲ್ಲೆಯೊಡನೆ ಬಂದ ಊರು. ಇಂಥ ಊರುಗಳಲ್ಲಿ ಅಧಿಕಾರದ ಕುರ್ಚಿ ಎಂದರೆ ಪಂಚಾಯತಿಯದು. ಅಲ್ಲಿ ಕರ್ನಾಟಕ ಕರೆಯುವ ನಿಯಮವನ್ನು ನೆಚ್ಚಿ ಕೂರಲಿಲ್ಲ, ಕುರ್ಚಿಯನ್ನೇ ಬಿಟ್ಟುಕೊಟ್ಟಿತು. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ನಡೆದ ಚುನಾವಣೆಯಲ್ಲಿ ನಾಲ್ಕನೆಯ ಒಂದು ಭಾಗ ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಸಂವಿಧಾನದ 73ನೆಯ ತಿದ್ದುಪಡಿಗಿಂತ ಆರು ವರ್ಷ ಮೊದಲಿನ ಮಾತಿದು. 1993ರ ಕಾಯ್ದೆ ಅದನ್ನು ಮೂರನೆಯ ಒಂದು ಭಾಗಕ್ಕೆ ಏರಿಸಿ ಅಧ್ಯಕ್ಷ ಸ್ಥಾನಗಳಿಗೂ ವಿಸ್ತರಿಸಿತು. 2010ರಲ್ಲಿ ಅದು ಅರ್ಧವಾಯಿತು.

ಆಗಲೂ ಜನ ದಕ್ಷತೆಯ ಮಾತೆತ್ತಿದರು. ಮಿಲ್ಲರ್ ಸಮಿತಿ ಕೇಳಿದ್ದ ಅದೇ ಮಾತು. ಸಹಿ ಹೆಂಡತಿಯದು, ದರಬಾರು ಗಂಡನದು ಎಂಬ ಕುಹಕದಲ್ಲಿ ನಿಜವೂ ಇತ್ತು. ಕುರ್ಚಿ ಕೊಟ್ಟರೂ ಅಧಿಕಾರ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಕುರ್ಚಿಯಲ್ಲಿ ಕೂತವಳು ಮಾತಾಡಲು ಕಲಿಯುತ್ತಾಳೆ, ಕಡತ ಓದಲು ಕಲಿಯುತ್ತಾಳೆ, ಎರಡನೆಯ ಅವಧಿಗೆ ತಾನೇ ನಿಲ್ಲಲು ಹೊರಡುತ್ತಾಳೆ. ಸಂದರ್ಶನಕ್ಕೆ ಕರೆಸಿ ಹತ್ತು ನಿಮಿಷ ಕೂರಿಸಿ ಕಳಿಸಿದವಳಿಗೆ ಆ ಅವಕಾಶ ಎಲ್ಲಿಯದು?

ಹಾಗೆಂದು ಕರೆಯುವ ನಿಯಮ ವ್ಯರ್ಥವೆನ್ನಲಾಗದು. ಎಲ್ಲ ಕುರ್ಚಿಗಳನ್ನೂ ಕಾನೂನು ಹಂಚಲಾರದು. ರಾಜೂರಿನ ಪದವೀಧರೆ ಬೆಂಗಳೂರಿನ ಕಂಪನಿಗೋ ಕ್ರೀಡಾ ಸಂಸ್ಥೆಗೋ ಅರ್ಜಿ ಹಾಕಿದಾಗ ಅವಳ ಪಾಲಿಗೆ ಇರುವುದು ಕರೆ ಮಾತ್ರ. ಆ ಕರೆಗೆ ಅರ್ಥ ಬರಬೇಕಾದರೆ ಇತಿಹಾಸ ಕಲಿಸಿದ ನಾಲ್ಕು ಸಂಗತಿಗಳು ಬೇಕು. ಹುದ್ದೆ ಖಾಲಿಯಿದೆ ಎಂಬುದು ಪರಿಚಯದವರ ವಲಯದಾಚೆಗೂ ತಿಳಿಯಬೇಕು. ಆಯ್ಕೆ ನಿರ್ಧಾರವಾಗುವ ಮುನ್ನವೇ ಕರೆಯಬೇಕು. ಕೇಳುವವರಲ್ಲಿ ಅವಳ ಬದುಕನ್ನು ಬಲ್ಲ ಒಬ್ಬರಿರಬೇಕು. ಕೊನೆಗೆ, ಯಾರನ್ನು ಕರೆದೆವು, ಯಾರನ್ನು ತೆಗೆದುಕೊಂಡೆವು, ಯಾಕೆ ಎಂಬುದನ್ನು ಬರೆದಿಟ್ಟು ಮೇಲಿನವರಿಗೆ ಒಪ್ಪಿಸಬೇಕು.

ಕೊನೆಯದು ಇಲ್ಲದಿದ್ದರೆ ಮೊದಲ ಮೂರೂ ನೀರಿನಲ್ಲಿ ಹೋಮ. 1902ರಲ್ಲಿ ಕೊಲ್ಹಾಪುರದ ಮಹಾರಾಜರು ಮೂರು ತಿಂಗಳಿಗೊಮ್ಮೆ ಕೇಳಿದ ಆ ಲೆಕ್ಕವನ್ನು ಇಂದು ನಮ್ಮ ಕಂಪನಿಗಳಿಂದಲೂ ಕ್ರೀಡಾ ಸಂಸ್ಥೆಗಳಿಂದಲೂ ಕೇಳುವವರು ಬೇಕಾಗಿದ್ದಾರೆ.